ರುದ್ರೇಶಪ್ಪನವರ ಟರ್ಬೊ ಕಾರು ಮತ್ತು ನಾಲ್ಕು ಕ್ಲಚ್ ಪ್ಲೇಟುಗಳು

ಕ್ಲಚ್ ಕೆಲಸಕ್ಕೆ ಹೊಸದಾಗಿ ಇಳಿಯುವವರು ಈಗಲೂ ನನ್ನ ಮನೆಗೆ ಬರುತ್ತಾರೆ. ನಿವೃತ್ತನಾದವನಿಗೆ ಬಿಡುವಿರುತ್ತದೆ, ಬಿಡುವಿರುವವನಿಗೆ ಜ್ಞಾನವೂ ಇರುತ್ತದೆ ಎಂಬುದು ಅವರ ನಂಬಿಕೆ. ಬಂದವರು ಕೇಳುವುದು ಒಂದೇ: ಟರ್ಬೊ ಗಾಡಿಗೆ ಯಾವ ಪ್ಲೇಟು ಒಳ್ಳೆಯದು? ಆರ್ಗ್ಯಾನಿಕ್ಕೋ, ಸೆರಾಮಿಕ್ಕೋ, ಕೆವ್ಲಾರೋ? ಮೊಬೈಲಿನಲ್ಲಿ ಎಲ್ಲವನ್ನೂ ಓದಿಕೊಂಡೇ ಬಂದಿರುತ್ತಾರೆ. ನಾನು ಆ ಮೂರನ್ನೂ ಒಂದೇ ಕಾರಿನ ಮೇಲೆ, ಒಂದೇ ವರ್ಷದಲ್ಲಿ, ಒಬ್ಬರೇ ಯಜಮಾನರ ಸಹನೆಯ ಮೇಲೆ ಪ್ರಯೋಗಿಸಿದವನು. ಈ ವಿಷಯದಲ್ಲಿ ಬರೆಯಲು ನನಗೆ ಅಷ್ಟರಮಟ್ಟಿಗೆ ಅಧಿಕಾರವಿದೆ.

ಏನೂ ಗೊತ್ತಿಲ್ಲದವರಿಗಾಗಿ ಎರಡು ಮಾತು. ಗಾಡಿಯಲ್ಲಿ ಎಂಜಿನ್ ಸದಾ ತಿರುಗುತ್ತಿರುತ್ತದೆ. ಚಕ್ರ ಸದಾ ತಿರುಗಬಾರದು. ಇವೆರಡರ ನಡುವೆ ಊಟದ ತಟ್ಟೆಯಷ್ಟು ಅಗಲದ ಒಂದು ಪ್ಲೇಟು ಇರುತ್ತದೆ, ಅದರ ಎರಡೂ ಮುಖಕ್ಕೆ ಲೈನಿಂಗ್ ಎಂಬ ಒರಟು ಪಟ್ಟಿ. ಪೆಡಲ್ ಒತ್ತಿದರೆ ಪ್ಲೇಟು ಎಂಜಿನ್ನನ್ನು ಬಿಡುತ್ತದೆ, ಪೆಡಲ್ ಬಿಟ್ಟರೆ ಹಿಡಿಯುತ್ತದೆ. ಹಿಡಿತ ಸಾಲದಿದ್ದರೆ ಪ್ಲೇಟು ಜಾರುತ್ತದೆ. ಆಗ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಕೂಗಾಟ ತನಗೆ ಸಂಬಂಧಿಸಿದ್ದಲ್ಲ ಎನ್ನುವಂತೆ ನಿಂತಿರುತ್ತದೆ. ಲೈನಿಂಗ್ ಸವೆದಾಗ ಹಳೆಯದನ್ನು ಕಿತ್ತು ಹೊಸದನ್ನು ರಿವೆಟ್ ಹೊಡೆದು ಕೂರಿಸುವುದು ನಮ್ಮ ಉದ್ಯೋಗ. ದಾವಣಗೆರೆಯ ಪಿ.ಬಿ. ರಸ್ತೆಯ ಅಂಗಡಿಯೊಂದರಲ್ಲಿ ನಾನು ಮೂವತ್ತು ವರ್ಷ ಮಾಡಿದ್ದು ಇಷ್ಟೇ.

ಆಗಿನ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಉಜ್ಜಿದಾಗ ಏಳುವ ಪುಡಿಯನ್ನು ನಾವು ಬಾಯಿಂದ ಊದಿ ಹಾರಿಸುತ್ತಿದ್ದೆವು, ಹಾರಿದ್ದನ್ನು ಮೂಗಿನಿಂದ ಒಳಗೆ ಎಳೆದುಕೊಳ್ಳುತ್ತಿದ್ದೆವು. ಅದು ಧೈರ್ಯವಲ್ಲ, ಅಜ್ಞಾನ. ಈ ಬರಹದಿಂದ ನೀವು ಬೇರೇನನ್ನೂ ಕಲಿಯದಿದ್ದರೂ ಸರಿ, ಸರಿಯಾದ ಮಾಸ್ಕ್ ಕಟ್ಟಿಕೊಳ್ಳಿ.

ಅಂಗಡಿಯ ಯಜಮಾನರು ಖಾದರ್ ಸಾಬರು. ನಾನು ಅವರನ್ನು ಉಸ್ತಾದ್ ಎನ್ನುತ್ತಿದ್ದೆ. ಸುಟ್ಟ ಪ್ಲೇಟು ಬಂದರೆ ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಅಷ್ಟು ಹೊತ್ತು ಅಂಗಡಿಯಲ್ಲಿ ಸುತ್ತಿಗೆ ಎತ್ತುವಂತಿರಲಿಲ್ಲ. ಆಮೇಲೆ ತೀರ್ಪು ಬರುತ್ತಿತ್ತು. ಒಮ್ಮೆ ಒಬ್ಬ ಲಾರಿ ಡ್ರೈವರ್, ತಾನು ಕ್ಲಚ್ಚನ್ನು ಹೆತ್ತ ಮಗಳಂತೆ ನೋಡಿಕೊಂಡಿದ್ದೇನೆಂದು ಆಣೆ ಇಟ್ಟ. ಉಸ್ತಾದರು ಕಣ್ಣು ತೆರೆದು, "ಎಡಗಾಲಿನ ಚಪ್ಪಲಿ ತೋರ್ಸು" ಎಂದರು. ಅಟ್ಟೆ ನಟ್ಟನಡುವೆ ಪೆಡಲಿನ ಅಗಲಕ್ಕೆ ಸರಿಯಾಗಿ ಸವೆದಿತ್ತು. "ಮಗಳ ಮ್ಯಾಲೆ ದಿನಾ ಕಾಲಿಟ್ಕಂಡೇ ಹೋಗ್ತೀಯಲ್ಲೋ" ಎಂದರು. ಡ್ರೈವರ್ ಚಪ್ಪಲಿ ಕೈಯಲ್ಲಿ ಹಿಡಿದು ಹೋದ.

ನನ್ನ ಮೂಗು ಅಷ್ಟು ಸೂಕ್ಷ್ಮವಲ್ಲ, ಕೈಯೂ ಮೊದಮೊದಲು ಅಷ್ಟಕ್ಕಷ್ಟೆ. ಕೆಲಸಕ್ಕೆ ಸೇರಿದ ವರ್ಷ ಒಬ್ಬ ಹಲ್ಲಿನ ಡಾಕ್ಟರ ಕಾರಿಗೆ ಪ್ಲೇಟನ್ನು ಹಿಂದುಮುಂದಾಗಿ ಹಾಕಿ ಕಳಿಸಿದೆ. ಹಾಗೆ ಹಾಕಿದರೆ ಕ್ಲಚ್ ಹಿಡಿಯುತ್ತದೆ, ಬಿಡುವುದಿಲ್ಲ. ಡಾಕ್ಟರು ಹೊರಟವರು ಗೇರಿನಿಂದ ಬಿಡಿಸಿಕೊಳ್ಳಲಾಗದೆ ನಮ್ಮ ಅಂಗಡಿಯ ಸುತ್ತಲಿನ ರಸ್ತೆಗಳಲ್ಲಿ ಸುತ್ತತೊಡಗಿದರು. ಮೊದಲ ಸುತ್ತಿನಲ್ಲಿ "ನಿಲ್ತಾ ಇಲ್ಲ!" ಎಂದು ಕೂಗಿ ಹೋದರು. ಎರಡನೆಯ ಸುತ್ತಿನಲ್ಲಿ "ಯಾಕ್ರೀ?" ಎಂದು ಕೇಳಿದರು. ಮೂರನೆಯ ಸುತ್ತಿನಲ್ಲಿ ನನ್ನನ್ನು ವಿದ್ಯಾವಂತರು ಆಡಬಾರದ ಮಾತಿನಿಂದ ಕರೆದರು. ಕೀಲಿ ತಿರುಗಿಸಿದರೆ ಎಂಜಿನ್ ನಿಲ್ಲುತ್ತದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಮಾಜು ಮುಗಿಸಿ ಬಂದ ಉಸ್ತಾದರಿಗೆ ಹೊಳೆಯಿತು.

ಇಂಥ ಅಂಗಡಿಯ ನೆತ್ತಿಯ ಮೇಲೆ ಒಂದು ಬೋರ್ಡಿತ್ತು. ತೇಗದ ದಪ್ಪ ಹಲಗೆ, ಹಸಿರು ಬಣ್ಣ, ಹಳದಿ ಅಕ್ಷರ: "ಖಾದರ್ ಕ್ಲಚ್ ವರ್ಕ್ಸ್. ಜಾರುವುದಿಲ್ಲ." ಹರಿಹರದ ಕಡೆಯಿಂದ ಬರುವ ಲಾರಿಗಳಿಗೆ ದೂರದಿಂದಲೇ ಕಾಣುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಎದುರಿಗೇ ಡಬ್ಬಿಯಲ್ಲಿ ಬರುವ ರೆಡಿ ಕ್ಲಚ್ ಸೆಟ್ ಮಾರುವ ಅಂಗಡಿ ತೆರೆಯಿತು. ಅವರಲ್ಲಿ ಗಾಜಿನ ಬಾಗಿಲಿತ್ತು, ಫ್ಯಾನಿತ್ತು, ಗಿರಾಕಿಗೆ ಕುರ್ಚಿಯಿತ್ತು. ನಮ್ಮಲ್ಲಿ ಬೋರ್ಡಿತ್ತು. ಗೊತ್ತಿಲ್ಲದ ಲಾರಿ ನಮ್ಮ ಮುಂದೆ ನಿಲ್ಲುತ್ತಿದ್ದದ್ದು ಆ ಹಲಗೆಯನ್ನು ಓದಿ. ಅದು ಇಳಿದರೆ ಉಸ್ತಾದರ ಹೆಸರೂ ಇಳಿಯುತ್ತದೆ, ನನ್ನ ಕೆಲಸಕ್ಕೂ ಹೆಚ್ಚು ದಿನ ಆಯಸ್ಸಿಲ್ಲ ಎಂಬುದು ನಮ್ಮಿಬ್ಬರಿಗೂ ತಿಳಿದಿತ್ತು.

ಆ ಬೋರ್ಡನ್ನು ಅಲುಗಾಡಿಸಲು ಬಂದವರು ರುದ್ರೇಶಪ್ಪನವರು.

ಇವರು ಮಂಡಿಪೇಟೆಯ ಮೆಣಸಿನಕಾಯಿ ವ್ಯಾಪಾರಿ. ಲೋಕಿಕೆರೆಯಲ್ಲಿ ಹೊಲ, ಸರಸ್ವತಿ ನಗರದಲ್ಲಿ ಮನೆ, ಎರಡರ ನಡುವೆ ಒಂದು ಬಿಳಿ ಡೀಸೆಲ್ ಅಂಬಾಸಿಡರ್. ತೃಪ್ತ ಜೀವ. ಒಂದು ದಿನ ಹರಿಹರಕ್ಕೆ ಹೋಗುವಾಗ ಅವರ ಕಾರನ್ನು ಸರ್ಕಾರಿ ಕೆಂಪು ಬಸ್ಸೊಂದು ಹಿಂದೆ ಹಾಕಿತು. ಬಸ್ಸು ಹಿಂದೆ ಹಾಕಿದ್ದು ತಪ್ಪಲ್ಲ. ಅದರ ಕಿಟಕಿಯಲ್ಲಿ, ಮಂಡಿಪೇಟೆಯಲ್ಲಿ ಅವರ ಎದುರಂಗಡಿಯ ವ್ಯಾಪಾರಿ ಮಲ್ಲೇಶಪ್ಪ ಕೂತಿದ್ದ. ಕೂತಿದ್ದೂ ತಪ್ಪಲ್ಲ. ಕೈ ಬೀಸಿದ.

ಮರುವಾರವೇ ರುದ್ರೇಶಪ್ಪನವರು ಹರಿಹರದ ಗುಜರಿಯಲ್ಲಿ ಯಾವುದೋ ಲಾರಿ ಎಂಜಿನ್ನಿನ ಟರ್ಬೊ ಹುಡುಕಿ, ಕಾರ್ಖಾನೆಯಿಂದ ನಿವೃತ್ತನಾದ ಒಬ್ಬ ಟರ್ನರನ ಕೈಯಲ್ಲಿ ಅದನ್ನು ತಮ್ಮ ಕಾರಿಗೆ ಕೂರಿಸಿದರು. ಟರ್ಬೊ ಎಂದರೆ ಹೊರಹೋಗುವ ಹೊಗೆಯಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಒಂದು ಫ್ಯಾನು. ಅದರಿಂದ ಕಾರಿಗೆ ಎರಡು ಹೊಸ ಗುಣ ಬಂದವು. ಒಂದು, ಕುಕ್ಕರಿನಂಥ ಸೀಟಿ. ಎರಡು, ಆ ಕಾರನ್ನು ಮಾಡಿದವರು ಕನಸಿನಲ್ಲೂ ಕಾಣದ ಶಕ್ತಿ.

ಹಳೆಯ ಕ್ಲಚ್ ಒಂದೇ ವಾರದಲ್ಲಿ ಪ್ರಾಣ ಬಿಟ್ಟಿತು. ನಮ್ಮಲ್ಲಿಗೆ ಬಂದರು. ಉಸ್ತಾದರು ಎಲ್ಲ ಕಾರುಗಳಿಗೂ ಹಾಕುವ ನೂಲಿನ ಲೈನಿಂಗನ್ನೇ, ನೀವು ಈಗ ಆರ್ಗ್ಯಾನಿಕ್ ಎನ್ನುವ ಜಾತಿಯದನ್ನು, ಹೊಸದಾಗಿ ಹಾಕಿಕೊಟ್ಟರು. ಇದು ಮೊದಲನೆಯ ಪ್ಲೇಟು. ಮೆತ್ತಗೆ ಹಿಡಿಯುತ್ತದೆ, ಮೆತ್ತಗೆ ಬಿಡುತ್ತದೆ, ಮಿತಿ ಮೀರಿದರೆ ಜಾರುತ್ತದೆ.

ನಾಲ್ಕನೆಯ ದಿನ ಮಂಡಿಪೇಟೆಯಿಂದ ಕರೆ ಬಂತು. ಹೋಗಿ ನೋಡಿದರೆ ಮಲ್ಲೇಶಪ್ಪನ ಅಂಗಡಿಯ ಮುಂದೆಯೇ ಕಾರು ಕೂಗುತ್ತ ನಿಂತಿದೆ. ಸೀಟಿ ಕೇಳುತ್ತಿದೆ, ಅಡಿಯಿಂದ ಹೊಗೆ ಬರುತ್ತಿದೆ, ಕಾರು ಒಂದು ಗೇಣೂ ಸರಿಯುತ್ತಿಲ್ಲ. ಮೆಣಸಿನಕಾಯಿ ಘಾಟಿಗೆ ಜಗ್ಗದ ಮಂಡಿಪೇಟೆ ಆವತ್ತು ಕೆಮ್ಮುತ್ತಿತ್ತು.

"ಬರ್ರಿ ಸಾಬ್ರೇ, ಕೂಡ್ರಿ" ಎಂದ ಮಲ್ಲೇಶಪ್ಪ, ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟು. "ನಿಮ್ಮ ಬೋರ್ಡ್ ನಾ ದಿನಾ ಓದ್ತೀನಿ. ಅದರಾಗ ಏನೋ ಬರದೈತಲ್ಲ, ಏನದು?"

ಸುತ್ತ ನಿಂತಿದ್ದ ಹಮಾಲರು ನಕ್ಕರು. ಉಸ್ತಾದರು ಕೂಡಲಿಲ್ಲ. ಹೊಗೆಯನ್ನೇ ನೋಡುತ್ತ ನಿಂತವರು, "ಮಲ್ಲೇಶಪ್ಪನೋರೆ, ನೀವೇ ಸಾಕ್ಷಿ. ಇನ್ನೊಂದು ಸಲ ಈ ಕಾರಿನ ಕ್ಲಚ್ ಜಾರಿದ್ರೆ, ಆ ಬೋರ್ಡ್ ನನ್ನ ಕೈಯಾರೆ ಇಳಿಸ್ತೀನಿ. ಜಬಾನ್ ಕೊಟ್ಟೀನಿ" ಎಂದರು.

ಮಂಡಿಪೇಟೆಯಲ್ಲಿ ಲಕ್ಷಾಂತರದ ವ್ಯವಹಾರ ಬಾಯಿಮಾತಿನ ಮೇಲೆ ನಡೆಯುತ್ತದೆ. ಅಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿಯಿಲ್ಲ. ದಾರಿಯಲ್ಲಿ ನಾನು, "ಉಸ್ತಾದ್, ಸ್ವಲ್ಪ ಯೋಚನೆ ಮಾಡಿ ಹೇಳಬೌದಿತ್ತು" ಎಂದೆ.

"ಯೋಚ್ನೆ ಮಾಡಿದ್ರೆ ಯಾರಾದ್ರೂ ಹಂಗೆ ಹೇಳ್ತಾರೇನೋ?" ಎಂದರು.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಕ್ಲಚ್ ಆರಿಸುವ ಶಾಸ್ತ್ರಕ್ಕೆ ಒಂದೇ ಸೂತ್ರ ಉಳಿಯಿತು: ಜಾರಬಾರದು. ಕಾರು ಹೇಗೆ ಓಡುತ್ತದೆ, ಯಾರು ಓಡಿಸುತ್ತಾರೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವಿಬ್ಬರೂ ಕೇಳಲಿಲ್ಲ.

ಎರಡನೆಯ ಪ್ಲೇಟಿಗೆ ಲೈನಿಂಗ್ ಅದೇ, ಆದರೆ ಪ್ಲೇಟನ್ನು ಒತ್ತಿಹಿಡಿಯುವ ಸ್ಪ್ರಿಂಗುಗಳನ್ನು ಲಾರಿಯದು ಹಾಕಿದೆವು. ಜಾರುವ ಪ್ರಶ್ನೆಯೇ ಇರಲಿಲ್ಲ. ಪೆಡಲ್ ಒತ್ತುವ ಪ್ರಶ್ನೆಯೂ ಇರಲಿಲ್ಲ. ರುದ್ರೇಶಪ್ಪನವರು ಮೊದಲ ಸಲ ಮೈಯೆಲ್ಲಾ ಭಾರ ಬಿಟ್ಟು ಒತ್ತಿದಾಗ ಪೆಡಲ್ ಅಲ್ಲೇ ಇತ್ತು, ಸೀಟು ಹಿಂದಕ್ಕೆ ಹೋಯಿತು. ಸೀಟನ್ನು ವೆಲ್ಡ್ ಮಾಡಿಸಿದೆವು. ಎರಡು ವಾರದಲ್ಲಿ ಅವರ ದರ್ಜಿ, ಪ್ಯಾಂಟಿನ ಎಡಗಾಲನ್ನು ಬೇರೆಯಾಗಿ ಅಳೆಯಬೇಕೆಂದು ಹೇಳಿದನಂತೆ.

ಆದರೆ ವ್ಯಾಪಾರಿ ಸೋಲೊಪ್ಪುವ ಜಾತಿಯಲ್ಲ. ಅಂಗಡಿಯ ಹಮಾಲ ಹನುಮಂತನನ್ನು ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳತೊಡಗಿದರು. ಆ ಕಾರಿನ ಮುಂದಿನ ಸೀಟು ಬೆಂಚಿನಂತೆ ಉದ್ದ, ಗೇರು ಸ್ಟೀರಿಂಗಿನ ಹತ್ತಿರ. ನಡುವೆ ಕೂತವನು ಬಲಗಾಲು ಚಾಚಿದರೆ ಕ್ಲಚ್ ಪೆಡಲ್ ಸಿಗುತ್ತಿತ್ತು. ಮೂಟೆ ಹೊತ್ತ ಕಾಲು ಅದು. ರುದ್ರೇಶಪ್ಪನವರು "ಒತ್ತು!" ಎನ್ನುವರು, ಹನುಮಂತ ಒತ್ತುವನು. ಇವರು ಗೇರು ಹಾಕಿ "ಬಿಡು!" ಎನ್ನುವರು, ಅವನು ಬಿಡುವನು. ಒಂದು ಕಾರನ್ನು ಇಬ್ಬರು ಓಡಿಸುವ ಈ ವ್ಯವಸ್ಥೆ ಮೂರು ವಾರ ಸುಗಮವಾಗಿ ನಡೆಯಿತು. ಆಮೇಲೆ ಹನುಮಂತನಿಗೆ ಅಭಿಪ್ರಾಯಗಳು ಬಂದವು.

"ಸಾವ್ಕಾರ್ರೇ, ಈಗ ಮೂರನೇ ಗೇರ್ ಬ್ಯಾಡ. ಎರಡರಾಗೇ ಇರ್ಲಿ."

"ಒತ್ತು ಅಂದ್ರೆ ಒತ್ತೋ!"

"ಇಲ್ರಿ, ನಂಗೆ ಸರಿ ಕಾಣ್ವಲ್ದು."

ನಡುರಸ್ತೆಯಲ್ಲಿ ಮಾತಿಗೆ ಮಾತು ಬೆಳೆದು ಹನುಮಂತ ಇಳಿದುಹೋದ. ಕಾರು ಅಲ್ಲೇ ನಿಂತಿತು. ಕ್ಲಚ್ ಮಾತ್ರ ಜಾರಿರಲಿಲ್ಲ. ಉಸ್ತಾದರು ಅದನ್ನು ನನಗೆ ಎರಡು ಸಲ ನೆನಪಿಸಿದರು.

ಮೂರನೆಯದು ಸೆರಾಮಿಕ್. ಹರಿಹರದ ಗುಜರಿಯಲ್ಲಿ ಭಾರೀ ಟ್ರ್ಯಾಕ್ಟರೊಂದರ ಪ್ಲೇಟು ಸಿಕ್ಕಿತು. ಅದರಲ್ಲಿ ಪಟ್ಟಿಯ ಬದಲು ಬಿಸ್ಕತ್ತಿನಂಥ ಗಟ್ಟಿ ಗುಂಡಿಗಳು. ತಾಮ್ರದ ಪುಡಿ, ಇನ್ನೇನೋ ಪುಡಿ ಸೇರಿಸಿ ಸುಟ್ಟವು. ಆ ಗುಂಡಿಗಳನ್ನು ತಂದು ನಮ್ಮ ಪ್ಲೇಟಿಗೆ ಕೂರಿಸಿದೆ. ಮೆತ್ತನೆಯ ಸ್ಪ್ರಿಂಗ್ ಸಾಕಾಯಿತು, ಪೆಡಲ್ ಹಗುರಾಯಿತು, ಹಿಡಿತ ಉಡದ್ದು. ನಾವು ಚಹಾ ತರಿಸಿ ಕುಡಿದೆವು. ಸೆರಾಮಿಕ್ಕಿಗೆ ಹಿಡಿಯುವುದು ಗೊತ್ತು, ಬಿಡುವುದು ಗೊತ್ತು, ಇವೆರಡರ ನಡುವೆ ಇನ್ನೊಂದು ಸ್ಥಿತಿ ಇದೆ ಎಂಬುದು ಗೊತ್ತಿಲ್ಲ. ಹೊಲ ಉಳುವಾಗ ಅದರ ಅಗತ್ಯವೂ ಇಲ್ಲ. ದಾವಣಗೆರೆಯ ರೈಲ್ವೆ ಗೇಟಿನಲ್ಲಿ ಇದೆ.

ಗೇಟು ಆಗಷ್ಟೇ ತೆರೆದಿತ್ತು. ಮುಂದೆ ತಳ್ಳುಗಾಡಿ, ಸೈಕಲ್ಲು, ಆಟೊಗಳು ಇರುವೆಯಂತೆ ಸರಿಯುತ್ತಿದ್ದವು. ಕಾರಿನಲ್ಲಿ ರುದ್ರೇಶಪ್ಪನವರ ಮನೆಯವರು ಗಂಗಮ್ಮನವರು, ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಮಾಡಿದ ಗೋಧಿ ಹುಗ್ಗಿಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದರು. ರುದ್ರೇಶಪ್ಪನವರು ಕ್ಲಚ್ಚನ್ನು ಮೆಲ್ಲಗೆ ಬಿಡಲು ನೋಡಿದರು. ಕಾರು ಕಪ್ಪೆಯಂತೆ ಹಾರಿತು. ಮೊದಲ ನೆಗೆತಕ್ಕೆ ಪಾತ್ರೆಯ ಮುಚ್ಚಳ ಹೋಯಿತು. ಎರಡನೆಯದಕ್ಕೆ ಹುಗ್ಗಿ ಯಜಮಾನರ ನೆತ್ತಿಯ ಮೇಲೆ ಬಂತು. ಮೂರನೆಯದಕ್ಕೆ ಗಂಗಮ್ಮನವರ ತಾಳ್ಮೆ ಹೋಯಿತು.

"ನಿಲ್ಸ್ರಿ. ನಾ ಇಳಿದು ನಡಕಂಡು ಹೋಗ್ತೀನಿ."

"ಒಂದ್ ನಿಮಿಷ ತಡಿಯೇ, ಗೇಟ್ ದಾಟಿಸ್ತೀನಿ."

"ನೀವು ದಾಟ್ಸೋದು ಬ್ಯಾಡ, ಹಾರ್ಸೋದೂ ಬ್ಯಾಡ. ಮದಿವಿ ಆದಾಗ ಎತ್ತಿನ ಗಾಡಿಯಾಗ ಕರಕಂಡು ಬಂದ್ರಿ. ಅದು ಎಷ್ಟೋ ಪಾಡಿತ್ತು."

ಅವರು ನಡೆದೇ ಹೋದರು, ಗಂಡನಿಗಿಂತ ಮೊದಲೇ ತಲುಪಿದರು. ಮರುದಿನ ರುದ್ರೇಶಪ್ಪನವರು ನಮ್ಮ ಅಂಗಡಿಗೆ ಬಂದಾಗ ಕಿವಿಯ ಹಿಂದೆ ಒಂದು ಗೋಧಿ ಕಾಳು ಇನ್ನೂ ಅಂಟಿಕೊಂಡಿತ್ತು.

"ಸಾಬ್ರೇ, ಜಾರಿಲ್ಲ. ಅದನ್ನ ಒಪ್ತೀನಿ" ಎಂದರು. "ಆದ್ರೆ ಮನೀಗೆ ಹೋಗಂಗಿಲ್ಲ."

ಇನ್ನೊಬ್ಬ ಯಜಮಾನನಾಗಿದ್ದರೆ ಇಲ್ಲಿಗೆ ಟರ್ಬೊ ಬಿಚ್ಚಿಸುತ್ತಿದ್ದ. ಇನ್ನೊಬ್ಬ ಉಸ್ತಾದ್ ಆಗಿದ್ದರೆ ಬಿಚ್ಚಿಸಿ ಎನ್ನುತ್ತಿದ್ದ. ನಮಗೆ ಸಿಕ್ಕಿದ್ದು ಇವರಿಬ್ಬರು.

ಬೆಂಗಳೂರಿನಿಂದ ಉಸ್ತಾದರು ಒಂದು ಹಳದಿ ಬಟ್ಟೆ ತರಿಸಿದರು. ಗುಂಡು ತಡೆಯುವ ಕೋಟಿಗೆ ಹಾಕುವ ನೂಲು, ಹೆಸರು ಕೆವ್ಲಾರ್. ನೂಲಿನಷ್ಟೇ ಮೆತ್ತಗೆ ಹಿಡಿಯುತ್ತದೆ, ಬೇಗ ಸುಡುವುದಿಲ್ಲ. ತೊಡಕು ಏನೆಂದರೆ ಅದನ್ನು ರಿವೆಟ್ ಹೊಡೆಯದೆ ಅಂಟಿನಿಂದ ಕೂರಿಸಬೇಕಿತ್ತು. ಅಂಟು ಗಟ್ಟಿಯಾಗಲು ಪ್ಲೇಟನ್ನು ಬಿಗಿಯಾಗಿ ಒತ್ತಿಹಿಡಿದು ಒಂದು ಗಂಟೆ ಸಮನಾದ ಉರಿಯಲ್ಲಿ ಇಡಬೇಕು. ಅದಕ್ಕೆ ಬೇಕಾದ ಓವನ್ ನಮ್ಮಲ್ಲಿರಲಿಲ್ಲ.

ಆದರೆ ಇದು ದಾವಣಗೆರೆ. ಸಮನಾದ ಉರಿ ಎಂದರೇನೆಂದು ಇಲ್ಲಿ ಒಂದು ಇಡೀ ಪೇಟೆಗೆ ಗೊತ್ತು. ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿನ ಮೇಲೆ ಅಕ್ಕಿ ಬಿದ್ದರೆ ಒಂದೇ ಉಸಿರಿಗೆ ಅರಳಬೇಕು, ಸೀಯಬಾರದು. ಉಸ್ತಾದರ ದೂರದ ಸಂಬಂಧಿ ಹಸೀನಮ್ಮ ಅಲ್ಲಿ ಒಂದು ಭಟ್ಟಿ ನಡೆಸುತ್ತಿದ್ದರು. ನಾವು ಪ್ಲೇಟನ್ನು ಎರಡು ಕಬ್ಬಿಣದ ತಟ್ಟೆಗಳ ನಡುವೆ ಬೋಲ್ಟು ಹಾಕಿ ಬಿಗಿದು, ಬಟ್ಟೆಯಲ್ಲಿ ಸುತ್ತಿ, ಹೆಣ್ಣು ಕೇಳಲು ಹೋದವರಂತೆ ಅವರ ಮುಂದೆ ನಿಂತೆವು.

"ನನ್ನ ಭಟ್ಟಿಯಾಗ ಅಕ್ಕಿ ಬಿಟ್ರೆ ಬ್ಯಾರೆ ಏನೂ ಬಿದ್ದಿಲ್ಲ, ಭಾಯ್" ಎಂದರು ಹಸೀನಮ್ಮ.

"ಇದೂ ಒಂಥರಾ ಅಕ್ಕೀನೇ ಅಂತ ತಿಳ್ಕಾ."

"ಅರಳ್ತೈತಾ?"

"ಅರಳಬಾರ್ದು. ಅರಳಿದ್ರೆ ನನ್ನ ಬೋರ್ಡ್ ಹೋಗ್ತೈತೆ."

ಬೋರ್ಡಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಒಪ್ಪಿದರು. ಮರಳಿನಲ್ಲಿ ಹೂತಿಟ್ಟೆವು. ಗಂಟೆಯಾದ ಮೇಲೆ ತೆಗೆದರೆ ಲೈನಿಂಗ್ ಪ್ಲೇಟಿಗೆ ಹುಟ್ಟುವಾಗಲೇ ಬಂದ ಚರ್ಮದಂತೆ ಕೂತಿತ್ತು. ಅಂಥ ಕೆಲಸವನ್ನು ಆಮೇಲೆ ನಾನು ಯಾವ ಓವನ್ನಿನಲ್ಲೂ ಕಂಡಿಲ್ಲ. ಒಂದೇ ಅಡ್ಡಿ, ಅಂಟಿನ ವಾಸನೆ ಮರಳಿಗೂ ಹತ್ತಿತು, ಮರಳಿನಿಂದ ಅಂದಿನ ಮಂಡಕ್ಕಿಗೂ ಹತ್ತಿತು. ಹಸೀನಮ್ಮ ಒಂದು ಹಿಡಿ ಮೂಸಿ ನೋಡಿ, ಮೂರು ಚೀಲವನ್ನೂ ನಮ್ಮ ಮುಂದೆ ದಬ್ಬಿ, ಮರಳನ್ನು ಹೊರಗೆ ಸುರಿಸಿದರು. "ಇದನ್ನ ಮನುಷ್ಯರು ತಿನ್ನಂಗಿಲ್ಲ. ಹೊಸ ಮರಳು ನೀವೇ ತಂದು ತುಂಬ್ರಿ. ತುಂಬಿದ ಮ್ಯಾಲೆ ಈ ಕಡೆ ತಲಿ ಹಾಕಬ್ಯಾಡ್ರಿ." ಹೊಳೆಯ ಮರಳನ್ನು ಜರಡಿ ಹಿಡಿದು ತುಂಬಿದ್ದು ನಾನು. ಆ ಮಂಡಕ್ಕಿಯನ್ನು ಹರಿಹರಕ್ಕೆ ಕಳಿಸುವ ಪ್ಲೇಟುಗಳ ಪೆಟ್ಟಿಗೆಗೆ ಮೆತ್ತೆಯಾಗಿ ತುಂಬುತ್ತ ಆರು ತಿಂಗಳು ಖರ್ಚು ಮಾಡಿದೆವು. ಪ್ಲೇಟುಗಳಿಗೆ ಒಂದು ಗೀರೂ ಬೀಳಲಿಲ್ಲ.

ಕೆವ್ಲಾರಿಗೆ ಇನ್ನೊಂದು ನಿಯಮವಿದೆ. ಮೊದಲ ಎಂಟುನೂರು ಕಿಲೋಮೀಟರು ಅದನ್ನು ಮೆಲ್ಲಗೆ, ಟರ್ಬೊ ಸೀಟಿ ಹೊಡೆಯದಂತೆ ಓಡಿಸಿ ಪಳಗಿಸಬೇಕು. ಅವಸರ ಮಾಡಿದರೆ ಮೈ ಗಾಜಿನಂತಾಗಿ ಜಾರತೊಡಗುತ್ತದೆ. "ಬಾಣಂತನ ಇದ್ದಂಗೆ. ಗಾಳಿಗೆ ಬಿಡಂಗಿಲ್ಲ" ಎಂದರು ಉಸ್ತಾದರು. ರುದ್ರೇಶಪ್ಪನವರ ಬಲಗಾಲಿನ ಮೇಲೆ ನಂಬಿಕೆಯಿಲ್ಲದೆ ಬಾಣಂತನವನ್ನು ನನಗೆ ವಹಿಸಿದರು. ಹರಿಹರಕ್ಕೆ ದಿನಕ್ಕೆ ಎರಡು ಸಲ ಹೋಗಿ ಬರುವುದು, ಎರಡು ವಾರ. ಜಿಲ್ಲೆಯಲ್ಲೇ ಬಲಶಾಲಿಯಾದ ಆ ಕಾರನ್ನು ಟ್ರ್ಯಾಕ್ಟರುಗಳು ಹಿಂದೆ ಹಾಕಿದವು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಹಿಂದೆ ಹಾಕಿತು. ದಾರಿಯಲ್ಲಿ ಕೈ ತೋರಿಸಿದವರು ನಡೆಯುತ್ತಲೇ ಬಾಗಿಲು ತೆಗೆದು ಹತ್ತುತ್ತಿದ್ದರು, ನಡೆಯುತ್ತಲೇ ಇಳಿಯುತ್ತಿದ್ದರು. ಒಬ್ಬ ಅಜ್ಜಿ, "ತಮ್ಮಾ, ಕಾರಿಗೆ ಹುಷಾರಿಲ್ಲೇನೋ?" ಎಂದು ಕೇಳಿದಳು. "ಪಥ್ಯದಾಗೈತೆ ಅಮ್ಮ" ಎಂದೆ. ಅವಳು ಇಳಿಯುವಾಗ ಬಾಗಿಲನ್ನು ಮೆಲ್ಲಗೆ ಹಾಕಿದಳು.

ಹದಿನೈದನೆಯ ದಿನ ಬೆಳಿಗ್ಗೆ ಪರೀಕ್ಷೆ. ರುದ್ರೇಶಪ್ಪನವರು ಸ್ಟೀರಿಂಗಿನಲ್ಲಿ. ಪಕ್ಕದಲ್ಲಿ ಸಾಕ್ಷಿ ಮಲ್ಲೇಶಪ್ಪ. ಹಿಂದೆ ಉಸ್ತಾದರು ಮತ್ತು ನಾನು. ಇಂದು ಜಾರಿದರೆ ಬೋರ್ಡ್ ಇಳಿಯುತ್ತದೆ ಎಂಬುದು ನಾಲ್ವರಿಗೂ ಗೊತ್ತಿದ್ದುದರಿಂದ ಯಾರೂ ಹವಾಮಾನವನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಊರು ದಾಟಿ ಕಾಲುವೆಯ ಹತ್ತಿರ ಬಂದಾಗ ಮುಂದೆ ಕೆಂಪು ಬಸ್ಸು ಕಂಡಿತು. ಅದೇ ಬಸ್ಸೋ ಅಲ್ಲವೋ, ರುದ್ರೇಶಪ್ಪನವರಿಗೆ ಆ ಬಣ್ಣವೇ ಸಾಕಾಗಿತ್ತು. ಕಾಲು ಊರಿದರು.

ಸೀಟಿ ಎದ್ದಿತು. ಕಾರಿನ ಮೂತಿ ಎದ್ದಿತು. ನಾನು ಹಿಂದಿನ ಸೀಟಿಗೆ ಅಂಟಿಕೊಂಡೆ. ಉಸ್ತಾದರು ಕಣ್ಣು ಮುಚ್ಚಿ, ಅಂಗೈಯನ್ನು ಕಾರಿನ ತಳಕ್ಕೆ ಒತ್ತಿ, ನಾಡಿ ನೋಡುವವರಂತೆ ಕೂತಿದ್ದರು. "ಹಿಡೀತು" ಎಂದರು. ಒಂದು ಕೂದಲಿನಷ್ಟೂ ಜಾರಲಿಲ್ಲ. ಬಸ್ಸಿನ ಪಕ್ಕಕ್ಕೆ ಬಂದೆವು, ಕಿಟಕಿಗಳನ್ನು ಒಂದೊಂದಾಗಿ ದಾಟಿದೆವು. ಮಲ್ಲೇಶಪ್ಪ ಯಾವ ಕಡೆಯವನೆಂಬುದನ್ನು ಮರೆತು ಬಸ್ಸಿನವರಿಗೆ ಕೈ ಬೀಸತೊಡಗಿದ. ಬಸ್ಸನ್ನು ದಾಟಿ ಎಡಕ್ಕೆ ಬಂದು ಇನ್ನೂ ಸ್ವಲ್ಪ ದೂರ ಹೋಗಿದ್ದೆವು, ಹಿಂದೆ ತೆಂಗಿನಕಾಯಿ ಒಡೆದಂಥ ಒಂದು ಸದ್ದು. ಕಾರು ಎಡಕ್ಕೆ ಕುಸಿಯಿತು. ಆ ಹೊತ್ತಿಗೆ ಒಂದು ಚಕ್ರ ನಮ್ಮನ್ನು ಹಿಂದೆ ಹಾಕಿ ಮುಂದೆ ಹೋಯಿತು.

"ಯಾರದೋ ಚಕ್ರ ಹೋಗ್ತಾ ಐತೆ" ಎಂದ ಮಲ್ಲೇಶಪ್ಪ.

ಅದು ನಮ್ಮದು. ನಾವು ಡಾಂಬರು ಕೆರೆಯುತ್ತ ಹೋಗಿ ಕಾಲುವೆಯ ದಂಡೆಯ ಮೇಲೆ ನಿಂತೆವು. ಚಕ್ರ ಗದ್ದೆಗೆ ಇಳಿದು ನಾಟಿಯ ನಡುವೆ ಮಲಗಿತು. ಯಾರಿಗೂ ಪೆಟ್ಟಾಗಲಿಲ್ಲ. ಬಸ್ಸು ನಿಂತು, ಅದರೊಳಗಿನವರೆಲ್ಲ ಇಳಿದು ಸುತ್ತ ನೆರೆದರು. ನಾನು ಬಗ್ಗಿ ನೋಡಿದೆ. ಹಿಂದಿನ ಆಕ್ಸಲ್ ಮುರಿದಿತ್ತು. ಎಂಜಿನ್ ಕೊಟ್ಟದ್ದನ್ನೆಲ್ಲ ಕ್ಲಚ್ ಒಂದಿಷ್ಟೂ ಕಳೆಯದೆ ಮುಂದಕ್ಕೆ ದಾಟಿಸಿತ್ತು, ಆಕ್ಸಲ್ಲಿಗೆ ಅದು ಜೀರ್ಣವಾಗಿರಲಿಲ್ಲ.

ಮಲ್ಲೇಶಪ್ಪ ಬಟ್ಟೆ ಕೊಡವಿಕೊಂಡು, ಬಸ್ಸಿನವರೆದುರು ಗಂಭೀರವಾಗಿ ಘೋಷಿಸಿದ: "ಕ್ಲಚ್ ಜಾರಿಲ್ಲ. ಸಾಬ್ರು ಗೆದ್ರು."

ಸಾಬರು ಗೆದ್ದವರಂತೆ ಕಾಣಲಿಲ್ಲ. ಬಸ್ಸಿನ ಕಿಟಕಿಗಳನ್ನೂ ಕಾಲುವೆಯ ನೀರನ್ನೂ ಬಹಳ ಹೊತ್ತು ನೋಡಿದರು. ಆ ಸದ್ದು ಕೆಲವೇ ಕ್ಷಣ ಮೊದಲು, ನಾವು ಬಸ್ಸಿನ ಪಕ್ಕದಲ್ಲಿದ್ದಾಗ ಆಗಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕುತ್ತಿದ್ದರೆಂದು ನನಗೆ ಗೊತ್ತು. ನಾನೂ ಅದನ್ನೇ ಹಾಕುತ್ತಿದ್ದೆ.

ರುದ್ರೇಶಪ್ಪನವರು ಮಾತ್ರ ಉತ್ಸಾಹದಲ್ಲಿದ್ದರು. "ಆಕ್ಸಲ್ ಗಟ್ಟೀದು ಹಾಕ್ಸಿಬಿಡೋಣ."

"ಆಮ್ಯಾಲೆ?" ಎಂದರು ಉಸ್ತಾದರು.

"ಆಮ್ಯಾಲೆ ಏನು?"

"ಆಮ್ಯಾಲೆ ಗೇರ್‌ಬಾಕ್ಸ್ ಮುರೀತದೆ. ಅದನ್ನ ಗಟ್ಟಿ ಮಾಡ್ತೀರಿ. ಆಮ್ಯಾಲೆ ಬ್ರೇಕ್ ಸಾಲಂಗಿಲ್ಲ. ಅದನ್ನೂ ಮಾಡ್ತೀರಿ. ಎಲ್ಲಾ ಗಟ್ಟಿ ಆದಮ್ಯಾಲೆ ಮುರಿಯೋಕೆ ನೀವೊಬ್ರೇ ಉಳೀತೀರಿ." ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತರು. "ಒಂದು ಕೇಳ್ತೀನಿ ಸಾವ್ಕಾರ್ರೇ. ಮೊದ್ಲೇ ಕೇಳ್ಬೇಕಾಗಿತ್ತು. ಈ ಕಾರ್ ದಿನಾ ಎಲ್ಲಿಗೆ ಹೋಗ್ತೈತೆ?"

"ಮನಿಯಿಂದ ಅಂಗಡಿಗೆ. ಅಂಗಡಿಯಿಂದ ಮನಿಗೆ. ವಾರಕ್ಕೊಂದ್ಸಲ ಲೋಕಿಕೆರೆ."

"ಎಷ್ಟು ಜೋರು?"

ರುದ್ರೇಶಪ್ಪನವರು ಪ್ರಾಮಾಣಿಕರು. "ಮಂಡಿಪೇಟೆಯಾಗ ಎಲ್ಲಿ ಜೋರು ಹೋಗಕಾಗ್ತದ್ರಿ? ಹಮಾಲ್ರು ಅಡ್ಡ ಬರ್ತಾರೆ."

"ಹಂಗಾದ್ರೆ ಆ ಮೊದಲ್ನೇ ನೂಲಿನ ಪ್ಲೇಟೇ ನಿಮ್ಮ ಪ್ಲೇಟು. ನೀವು ಹದ ಮೀರಿ ಒತ್ತಿದಾಗೆಲ್ಲ ಜಾರಿ ಜಾರಿ ನಿಮ್ಮ ಆಕ್ಸಲ್ ಉಳಿಸ್ತಿತ್ತು. ನಾವು ಅದನ್ನ ಬೈದು ಕಿತ್ತು ಬಿಸಾಕಿದ್ವಿ. ಜಾರೋದೂ ಅದರ ಕೆಲಸಾನೇ. ಜಾರಿದ್ರೆ ಕಾಲೆತ್ರಿ."

ಟರ್ಬೊ ಬಿಚ್ಚಲು ರುದ್ರೇಶಪ್ಪನವರು ಒಪ್ಪಲಿಲ್ಲ, ಸೀಟಿ ಇಲ್ಲದ ಕಾರಿನಲ್ಲಿ ಮಂಡಿಪೇಟೆಗೆ ಮುಖ ತೋರಿಸುವುದು ಹೇಗೆ? ಸೀಟಿ ಇರಲಿ, ನೂಲಿನ ಪ್ಲೇಟು ಹಾಕೋಣ ಎಂದು ಇತ್ಯರ್ಥವಾಯಿತು. ಆಕ್ಸಲ್ ಬದಲಾಯಿತು. ಪ್ಲೇಟನ್ನು ಉಸ್ತಾದರು ನನ್ನ ಕೈಗೆ ಕೊಡದೆ ತಾವೇ ರಿವೆಟ್ ಹೊಡೆದರು. ನನಗೆ ಆಗ ಹೊಳೆಯಿತು: ಜಾರುವ ಪ್ಲೇಟನ್ನು ತಿಳಿದೂ ತಿಳಿದೂ ಹಾಕುತ್ತಿದ್ದೇವೆ, ಮಂಡಿಪೇಟೆಯ ಮಾತು ಹಾಗೇ ಇದೆ.

ಮೂರನೆಯ ದಿನ ಮಧ್ಯಾಹ್ನ ಸೀಟಿ ಕೇಳಿಸಿತು. ರುದ್ರೇಶಪ್ಪನವರು ಕಾರಿನಿಂದ ಹೆಚ್ಚುಕಡಿಮೆ ಓಡುತ್ತ ಇಳಿದರು. ಪರೀಕ್ಷೆ ಪಾಸಾದವರ ಮುಖ.

"ಸಾಬ್ರೇ, ಜಾರ್ತು! ಲೋಕಿಕೆರೆ ದಾರಿಯಾಗ ಕಾಲು ಊರಿದೆ, ಜಾರ್ತು. ನೀವು ಹೇಳ್ದಂಗೆ ಕಾಲೆತ್ತಿದೆ, ಹಿಡೀತು. ನಮ್ಮ ಗಂಗಮ್ಮ ಹಿಂದೆ ಕೂತಿದ್ಲು, ಅಕಿಗೆ ಗೊತ್ತೇ ಆಗ್ಲಿಲ್ಲ!"

ಉಸ್ತಾದರು ಓದುತ್ತಿದ್ದ ಪೇಪರನ್ನು ಮಡಿಚಿಟ್ಟರು. "ಭಾಳ ಸಂತೋಷ" ಎಂದರು. ನನ್ನ ಕಡೆ ತಿರುಗಿ, "ವಿರೂಪಾಕ್ಷಿ, ಏಣಿ ತಗಂಬಾ."

ರುದ್ರೇಶಪ್ಪನವರಿಗೆ ತಾವು ಹೇಳಿದ್ದೇನೆಂಬುದು ಆಗ ಅರ್ಥವಾಯಿತು. ಮುಖದ ನಗೆ ಹೋಯಿತು. "ಸಾಬ್ರೇ, ಬ್ಯಾಡ್ರಿ. ಜಾರಿಲ್ಲ. ನಾ ಸುಳ್ಳು ಹೇಳಿದೆ."

"ನೀವು ಸುಳ್ಳು ಹೇಳಂಗಿಲ್ಲ."

"ಮಲ್ಲೇಶಪ್ಪನ್ನ ಕರಸ್ತೀನಿ. ಅವನೇ ಬಿಟ್ಟುಕೊಡ್ತಾನೆ."

"ಅವರು ಬಿಟ್ಟುಕೊಡೋಕೆ ಅದು ಅವರ ಮಾತಲ್ಲ, ನನ್ನದು."

ನಾನೂ ನನ್ನ ವಾದ ಮಂಡಿಸಿದೆ. "ಉಸ್ತಾದ್, ನಾವು ಜಾರ್ಲಿ ಅಂತ್ಲೇ ಹಾಕಿದ್ದಲ್ಲ, ಅದು ಲೆಕ್ಕಕ್ಕೆ ಬರಂಗಿಲ್ಲ."

"ಜಾರ್ಲಿ ಅಂತ ಹಾಕಿದೋನು, ಜಾರುವುದಿಲ್ಲ ಅಂತ ಬೋರ್ಡ್ ಹಾಕ್ಕಂಡು ಕೂತ್ರೆ ಹೆಂಗೋ?" ಎಂದರು. ನಾನು ಏಣಿ ತಂದೆ.

ಅರವತ್ತು ದಾಟಿದ ಮನುಷ್ಯ ತಾವೇ ಏಣಿ ಹತ್ತಿದರು. ನಾನು ಏಣಿ ಹಿಡಿದೆ, ರುದ್ರೇಶಪ್ಪನವರು ನನ್ನನ್ನು ಹಿಡಿದರು. ಎದುರಂಗಡಿಯ ಗಾಜಿನ ಬಾಗಿಲು ತೆರೆದುಕೊಂಡು ಅಲ್ಲಿಯವರು ಹೊರಗೆ ಬಂದು ನಿಂತರು, ಯಾರೂ ನಗಲಿಲ್ಲ. ಬೋಲ್ಟುಗಳು ತುಕ್ಕು ಹಿಡಿದಿದ್ದವು, ಎಣ್ಣೆ ಬಿಟ್ಟು ಬಿಚ್ಚಬೇಕಾಯಿತು. ಹಲಗೆ ಕೆಳಗೆ ಬಂದ ಮೇಲೆ ಉಸ್ತಾದರು ಅದನ್ನು ತಟ್ಟಿ ನೋಡಿ, "ತೇಗ ಚೆನ್ನಾಗೈತೆ. ನಮ್ಮ ಬೆಂಚು ಅಲ್ಲಾಡ್ತದೆ ಅಂತಿದ್ದೆಯಲ್ಲ, ಅದಕ್ಕೆ ಹಾಕ್ಕಾ" ಎಂದು ಒಳಗೆ ಹೋದರು.

ಆ ತಿಂಗಳು ಲಾರಿಗಳು ಕಡಿಮೆಯಾದವು, ಸುಳ್ಳೇಕೆ. ಹರಿಹರದ ಕಡೆಯಿಂದ ಬಂದವು ನಮ್ಮ ಖಾಲಿ ಗೋಡೆಯನ್ನು ದಾಟಿ ಹೋಗುತ್ತಿದ್ದವು, ಕೆಲವು ಎದುರಿಗೆ ನಿಲ್ಲುತ್ತಿದ್ದವು. ಒಂದು ಬೆಳಿಗ್ಗೆ ಒಬ್ಬ ಲಾರಿ ಡ್ರೈವರ್ ಸುಟ್ಟ ಪ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಮೇಲೆ ನೋಡಿ, ಅತ್ತಿತ್ತ ನೋಡಿ, "ಖಾದರ್ ಸಾಬ್ರ ಕ್ಲಚ್ ಅಂಗಡಿ ಎಲ್ಲೈತ್ರಿ? ಮಂಡಿಪೇಟೆಯಾಗ ಒಬ್ರು ಮಲ್ಲೇಶಪ್ಪ ಅನ್ನೋರು ಕಳ್ಸಿದ್ರು. ಬೋರ್ಡ್ ಇಲ್ದಿರೋ ಅಂಗಡಿಗೇ ಹೋಗು ಅಂದ್ರು" ಎಂದ.

"ಇದೇ, ಬಾ" ಎಂದರು ಉಸ್ತಾದರು. ಪ್ಲೇಟಿಗೆ ಕೈ ಚಾಚಲಿಲ್ಲ. "ಗಾಡಿಯಾಗ ಏನು ತುಂಬ್ತೀಯ?"

"ಮೆಕ್ಕೆಜೋಳ."

"ಎಲ್ಲಿತನಕ?"

"ರಾಣೆಬೆನ್ನೂರು. ಒಮ್ಮೊಮ್ಮೆ ಹುಬ್ಬಳ್ಳಿ."

"ನೀನೊಬ್ನೇ ಓಡಿಸ್ತೀಯಾ?"

"ನಾನೂ, ನನ್ನ ತಮ್ಮನೂ."

"ತಮ್ಮ ಹೆಂಗೆ ಓಡಿಸ್ತಾನೆ?"

ಡ್ರೈವರ್ ಇಂಥ ಪ್ರಶ್ನೆಯನ್ನು ಯಾವ ಕ್ಲಚ್ ಅಂಗಡಿಯಲ್ಲೂ ಎದುರಿಸಿರಲಿಲ್ಲ. ಒಂದು ಕ್ಷಣ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ದೆವ್ವ ಮೆಟ್ಟಿದಂಗೆ ಓಡಿಸ್ತಾನ್ರಿ" ಎಂದ.

"ಹಂಗಾದ್ರೆ ತಮ್ಮನಿಗೆ ತಕ್ಕಂತೆ ಹಾಕೋಣ" ಎಂದರು ಉಸ್ತಾದರು. ನಾನು ಪ್ಲೇಟನ್ನು ಇಸಿದುಕೊಂಡು ಹೊಸ ಬೆಂಚಿನ ಮೇಲಿಟ್ಟು ಮೊದಲ ರಿವೆಟ್ ಬಿಚ್ಚಿದೆ. ಬೆಂಚು ಅಲ್ಲಾಡಲಿಲ್ಲ.